ಅಕ್ಕ ತಟ್ಟಿದ್ದು ಮೂರು, ತಮ್ಮ ಹಾಕಿದ್ದು ಎರಡು

ಥಾಯ್ ಹೋಟೆಲಿನ ಅಕ್ಕನಿಗೆ ಬೈಗುಳ ಹೊಸದಲ್ಲ. ಖಾರ ಜಾಸ್ತಿ ಎಂದು ಬೈಸಿಕೊಂಡಿದ್ದಳು, ಖಾರವೇ ಇಲ್ಲ ಎಂದೂ ಬೈಸಿಕೊಂಡಿದ್ದಳು. ಎರಡೂ ಒಂದೇ ಮೇಜಿನಿಂದ, ಒಂದೇ ಉಸಿರಿಗೆ ಬಂದದ್ದು ಮಾತ್ರ ಆ ಮಧ್ಯಾಹ್ನವೇ ಮೊದಲು.

ಬಾಗಿಲ ಪಕ್ಕದ ಮೇಜಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಇಬ್ಬರೂ ತೆಂಗಿನ ಹಾಲಿನ ಹಸಿರು ಕರಿಯನ್ನೇ ಕೇಳಿದ್ದರು, ಇಬ್ಬರೂ ಖಾರ ಹದವಾಗಿರಲಿ ಎಂದಿದ್ದರು. ಹೆಂಡತಿ ಬಂದ ಕೂಡಲೇ ಹೇಳಿದ್ದಳು. ಗಂಡ ಫೋನಿನಲ್ಲಿ ಯಾರ ಜೊತೆಗೋ ಜಗಳ ಮುಗಿಸಿ ಆಮೇಲೆ ಹೇಳಿದ್ದ. ಈಗ ಗಂಡನ ಮೂಗು ಕೆಂಪಾಗಿತ್ತು. ಅವನು ಬಾಯಿ ತೆರೆದುಕೊಂಡೇ ನೀರಿನ ಲೋಟಕ್ಕಾಗಿ ತಡಕಾಡುತ್ತಿದ್ದ. ಹೆಂಡತಿ ಚಮಚವನ್ನು ತಟ್ಟೆಯ ಅಂಚಿಗೆ ಒರಗಿಸಿ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ನದು ಆಸ್ಪತ್ರೆಯಲ್ಲಿ ಕೊಡೋ ಊಟದ ಹಾಗಿದೆ. ಇವರದು ತಿಂದ್ರೆ ಆಸ್ಪತ್ರೆಗೆ ಸೇರೋ ಹಾಗಿದೆ. ಒಂದೇ ಒಲೆ ಮೇಲೆ ಮಾಡಿದ್ದು ತಾನೆ?"

"ಒಂದೇ ಒಲೆ, ಮೇಡಂ. ಬದಲಾಯಿಸಿ ತರ್ತೀನಿ."

"ಬದಲಾಯಿಸೋದು ಏನು ಬಂತು. ಎರಡೂ ಕಲಸಿದ್ರೆ ಸರಿಹೋಗುತ್ತೆ."

ಆಕೆ ತಮಾಷೆಗೆ ಹೇಳಿರಲಿಲ್ಲ. ಎರಡು ಬಟ್ಟಲನ್ನೂ ಒಂದಕ್ಕೆ ಸುರಿದು, ಕಲಸಿ, ಇಬ್ಬರಿಗೂ ಹಂಚಿ, ತಿಂದು ಎದ್ದುಹೋದಳು. ಕಲಸಿದ ಮೇಲೆ ಅದು ಬಹಳ ಚೆನ್ನಾಗಿಯೇ ಇತ್ತಂತೆ. ಅದನ್ನೂ ಹೋಗುವಾಗ ಹೇಳಿ ಹೋದಳು, ಅಕ್ಕನಿಗೆ ಇನ್ನಷ್ಟು ಉರಿಯಲಿ ಎಂದು.

ಗಲ್ಲಾದ ಹಿಂದೆ ಕೂತಿದ್ದ ಯಜಮಾನಿ ಎಲ್ಲವನ್ನೂ ನೋಡಿದ್ದಳು. ಯಜಮಾನಿ ಗಂಡನ ಹಡಗು ಕಂಪನಿಯ ಕೆಲಸದ ನಿಮಿತ್ತ ಬಹಳ ವರ್ಷ ಥಾಯ್ಲೆಂಡಿನಲ್ಲಿ ಇದ್ದವಳು. ಅಲ್ಲಿ ಪಕ್ಕದ ಮನೆಯ ಮುದುಕಿಯಿಂದ ಅಡುಗೆ ಕಲಿತು, ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಈ ಹೋಟೆಲು ತೆರೆದವಳು. ದೊಡ್ಡ ಹೋಟೆಲೇನಲ್ಲ. ಎಂಟು ಮೇಜು, ಬಿದಿರಿನ ಚಾಪೆ ಹೊದಿಸಿದ ಗೋಡೆ, ದೋಣಿಯಲ್ಲಿ ಹಣ್ಣು ಮಾರುವ ಹೆಂಗಸರ ಒಂದು ಚಿತ್ರ, ತಿರುಗುವಾಗ ಟಕ್ ಟಕ್ ಎನ್ನುವ ಫ್ಯಾನು. ಎದುರು ಬೀದಿಯಲ್ಲಿ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು, ಅದರ ಪಕ್ಕ ಡ್ರೈವಿಂಗ್ ಸ್ಕೂಲು. ಮಧ್ಯಾಹ್ನದ ಗಿರಾಕಿಗಳಲ್ಲಿ ಅರ್ಧ ಜನ ಆ ಬೀದಿಯವರೇ.

ಊಟದ ಜಾಗಕ್ಕೂ ಅಡುಗೆಮನೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ತಟ್ಟೆ ದಾಟಿಸುವಷ್ಟು ಅಗಲದ ಒಂದು ಕಿಟಕಿ. ಕಿಟಕಿಯ ಈಚೆ ಅಕ್ಕ, ಆಚೆ ತಮ್ಮ. ಹೋಟೆಲಿನವರಿಗೆಲ್ಲ ಅವಳು ಅಕ್ಕ, ಅವನು ತಮ್ಮ. ಒಡಹುಟ್ಟಿದವರು ಎಂದು ಗೊತ್ತಾದ ದಿನದಿಂದ ಯಾರೂ ಅವರ ಹೆಸರು ಹಿಡಿದು ಕೂಗಿಲ್ಲ. ಒಳಗೆ ಹೊಗೆ ಎಳೆಯುವ ಫ್ಯಾನು ವಿಮಾನದ ಹಾಗೆ ಸದ್ದು ಮಾಡುತ್ತದೆ. ಮಾತು ಕೇಳಿಸುವುದಿಲ್ಲ, ಚೀಟಿ ಬರೆದು ಕೊಟ್ಟರೆ ಎಣ್ಣೆಯಲ್ಲಿ ನೆನೆದು ಹೋಗುತ್ತದೆ, ತಮ್ಮ ಕನ್ನಡಕ ಹಾಕುವುದಿಲ್ಲ. ಹಾಗಾಗಿ ಯಜಮಾನಿ ಮೊದಲ ದಿನವೇ ಒಂದು ಪದ್ಧತಿ ಮಾಡಿದ್ದಳು. ತಿನಿಸಿನ ಹೆಸರನ್ನು ಕಿಟಕಿಯಲ್ಲಿ ಕೂಗಬೇಕು. ಖಾರ ಎಷ್ಟು ಎಂಬುದನ್ನು ಮರದ ಚಮಚದಿಂದ ಕಿಟಕಿಯ ಹಲಗೆಯ ಮೇಲೆ ತಟ್ಟಬೇಕು. ಒಂದು ತಟ್ಟಿದರೆ ಒಂದು ಸೂಜಿಮೆಣಸು, ಎರಡು ತಟ್ಟಿದರೆ ಎರಡು. ಪ್ರತಿ ತಟ್ಟೆಗೂ ಮೆಣಸನ್ನು ಆಗಲೇ ಕುಟ್ಟಾಣಿಯಲ್ಲಿ ಜಜ್ಜಿ ಹಾಕಬೇಕು. ಇದಕ್ಕಿಂತ ಸುಲಭದ ಪದ್ಧತಿ ಇರಲಿಕ್ಕಿಲ್ಲ. ಬೇರೆ ಯಾರೇ ಇಬ್ಬರಾಗಿದ್ದರೂ ಅದು ನಡೆದುಕೊಂಡು ಹೋಗುತ್ತಿತ್ತು.

ಈ ಇಬ್ಬರ ಕಥೆ ಬೇರೆ. ಅಕ್ಕ ಹುಟ್ಟಿದಾಗಿನಿಂದ ಕಡ್ಡಿಯನ್ನು ಗುಡ್ಡ ಮಾಡುವವಳು. ಮೈ ಬೆಚ್ಚಗಾದರೆ ಬೆಂಕಿಯಾಗಿದೆ ಎನ್ನುತ್ತಿದ್ದಳು, ತಮ್ಮ ಜಡೆ ಎಳೆದರೆ ಕೂದಲೇ ಕಿತ್ತುಬಂತು ಎಂದು ಅಪ್ಪನ ಹತ್ತಿರ ಓಡುತ್ತಿದ್ದಳು. ತಮ್ಮ ಇದಕ್ಕೆ ತದ್ವಿರುದ್ಧ. ಗೋಡೆಯಿಂದ ಬಿದ್ದು ಕೈಮೂಳೆ ಮುರಿದುಕೊಂಡ ದಿನ ಮನೆಗೆ ಬಂದು, ಸ್ವಲ್ಪ ನೋಯ್ತಾ ಇದೆ ಎಂದಷ್ಟೇ ಹೇಳಿ ಊಟಕ್ಕೆ ಕೂತವನು. ಅಕ್ಕ ಹೇಳಿದ್ದರಲ್ಲಿ ಒಂದು ಪಾಲು ಕಳೆದರೆ ನಿಜ ಉಳಿಯುತ್ತದೆ ಎಂದು ಅವನು ಚಡ್ಡಿ ಹಾಕುವ ವಯಸ್ಸಿಗೇ ಕಂಡುಕೊಂಡಿದ್ದ. ಅವನು ಕಳೆಯುತ್ತಾನೆ ಎಂದು ಅವಳೂ ಕಂಡುಕೊಂಡಿದ್ದಳು. ಅದಕ್ಕೇ ಒಂದು ಪಾಲು ಸೇರಿಸಿಯೇ ಹೇಳುತ್ತಿದ್ದಳು. ಹೋಟೆಲಿಗೆ ಅವನನ್ನು ಸೇರಿಸುವಾಗಲೂ ಹಾಗೆಯೇ. ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಅವನು ಸಹಾಯಕನಾಗಿದ್ದುದನ್ನು ಅವಳು ಯಜಮಾನಿಯ ಮುಂದೆ, "ನಮ್ಮ ತಮ್ಮ ಒಬ್ಬನೇ ಇಡೀ ಹಾಸ್ಟೆಲಿಗೆ ಮಾಡಿ ಹಾಕ್ತಿದ್ದ, ಅಮ್ಮಾ" ಎಂದು ಮಾಡಿದ್ದಳು. ಪಕ್ಕದಲ್ಲೇ ನಿಂತಿದ್ದ ತಮ್ಮ, "ಅನ್ನ ಬಸೀತಿದ್ದೆ" ಎಂದಿದ್ದ.

ಹೀಗಾಗಿ ಅಕ್ಕ ಎರಡು ಮೆಣಸು ಬೇಕಾದರೆ ಮೂರು ತಟ್ಟುತ್ತಿದ್ದಳು, ತಮ್ಮ ಮೂರು ಕೇಳಿಸಿದರೆ ಎರಡು ಹಾಕುತ್ತಿದ್ದ. ಹಳೆಯ ಗಿರಾಕಿಗಳ ಮಟ್ಟಿಗೆ ಇದು ಸರಿಹೊಂದಿಕೊಂಡಿತ್ತು. ಹಲ್ಲಿನ ಡಾಕ್ಟರಮ್ಮ ಪ್ರತಿ ಸಲವೂ, "ನನಗೆ ಮೂರು ಹಾಕಿ, ಭಯ ಇಲ್ಲ" ಎನ್ನುತ್ತಿದ್ದರು; ಅವರು ತಡೆಯುವುದು ಒಂದನ್ನೇ ಎಂದು ಅಕ್ಕನಿಗೆ ಗೊತ್ತು. ಎರಡು ತಟ್ಟುತ್ತಿದ್ದಳು, ಒಂದು ಬೀಳುತ್ತಿತ್ತು, ಡಾಕ್ಟರಮ್ಮ ಮೂರು ಮೆಣಸು ಗೆದ್ದ ಸಂತೋಷದಲ್ಲಿ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಡ್ರೈವಿಂಗ್ ಮಾಸ್ತರಿಗೆ ನಿಜವಾಗಿಯೂ ಮೂರು ಬೇಕು; ಅವರಿಗೆ ನಾಲ್ಕು ತಟ್ಟುತ್ತಿದ್ದಳು.

ತೊಂದರೆ ಹೊಸಬರದು. ಗಡಿಬಿಡಿಯಲ್ಲಿ ಅಕ್ಕ ಒಮ್ಮೊಮ್ಮೆ ಇದ್ದದ್ದನ್ನು ಇದ್ದ ಹಾಗೇ ತಟ್ಟಿಬಿಡುತ್ತಿದ್ದಳು, ತಮ್ಮ ಒಂದು ಕಳೆಯುತ್ತಿದ್ದ, ತಟ್ಟೆ ಸಪ್ಪೆ. ಆಮೇಲೆ ಅವನಿಗೆ, ಯಾಕೋ ಕಡಿಮೆಯಾಯಿತೇನೋ ಎಂಬ ಅನುಮಾನ ಬಂದು ಮುಂದಿನದಕ್ಕೆ ಕಳೆಯದೆ ಹಾಕುತ್ತಿದ್ದ, ಅಷ್ಟರಲ್ಲಿ ಇವಳಿಗೆ ಎಚ್ಚರವಾಗಿ ಒಂದು ಸೇರಿಸಿ ತಟ್ಟಿರುತ್ತಿದ್ದಳು, ತಟ್ಟೆ ಬೆಂಕಿ. ಬಾಗಿಲ ಪಕ್ಕದ ಗಂಡ ಹೆಂಡತಿಗೆ ಆದದ್ದು ಇದೇ. ಇಬ್ಬರಿಗೂ ಬೇಕಾದದ್ದು ಎರಡೆರಡು. ಹೆಂಡತಿಗೆ ಸಿಕ್ಕಿದ್ದು ಒಂದು, ಗಂಡನಿಗೆ ಮೂರು.

ಮರುದಿನ ಬೆಳಗ್ಗೆ, ಗಿರಾಕಿಗಳು ಬರುವ ಮೊದಲು, ಯಜಮಾನಿ ಅಕ್ಕನನ್ನು ಕರೆದು ಕೂರಿಸಿದಳು. ಪಕ್ಕದಲ್ಲಿ ಯಜಮಾನಿಯ ಅಳಿಯ ಇದ್ದ. ಅಳಿಯ ಒಳ್ಳೆಯ ಮನುಷ್ಯನೇ. ಆದರೆ ಯಾವ ಕಷ್ಟಕ್ಕೂ ಅಂಗಡಿಯಲ್ಲಿ ಒಂದು ಮೆಷಿನ್ನು ಸಿಗುತ್ತದೆ ಎಂದು ನಂಬಿದ್ದವನು. ಅವನು ಫೋನು ತೆಗೆದು, ಜನ ಹೋಟೆಲಿನ ಬಗ್ಗೆ ಬರೆದದ್ದನ್ನು ಓದತೊಡಗಿದ.

"'ಪಪಾಯಿ ಸಲಾಡ್ ಅದ್ಭುತ, ಮತ್ತೆ ಬರ್ತೀವಿ.' ಇದು ಒಬ್ಬರು. 'ಪಪಾಯಿ ಸಲಾಡ್ ತಿಂದರೆ ಒದ್ದೆ ಕಾಗದ ಅಗಿದ ಹಾಗಿತ್ತು.' ಇದು ಅದೇ ದಿನ, ಇನ್ನೊಬ್ಬರು. 'ಸೂಪು ಕುಡಿದು ನಮ್ಮ ಮಾವನವರಿಗೆ ಬಿಕ್ಕಳಿಕೆ ನಿಲ್ಲಲಿಲ್ಲ.' ಇನ್ನೊಬ್ಬರು ಊಟದ ಬಗ್ಗೆ ಏನೂ ಬರೆದಿಲ್ಲ, ಫ್ಯಾನ್ ಸದ್ದು ಮಾಡುತ್ತೆ ಅಂದಿದ್ದಾರೆ. ಆಮೇಲೆ ಇದು, ಅಕ್ಕಾ, ನಿಮ್ಮ ಬಗ್ಗೆ. 'ಬಡಿಸುವವರು ಒಳ್ಳೆಯವರು, ಆದರೆ ನಾವು ಹೇಳಿದ್ದು ಅವರ ಕಿವಿಗೆ ಹೋಗುವುದಿಲ್ಲ.'"

ಅಕ್ಕನಿಗೆ ಕೊನೆಯದು ಮುಖಕ್ಕೆ ಹೊಡೆದ ಹಾಗಾಯಿತು. ಕೇಳಿಸಿಕೊಳ್ಳುವುದೇ ಅವಳ ಕಸುಬು. ಮೊದಲು ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿ ಕೂತಿದ್ದಳು, ಆಮೇಲೆ ಬಟ್ಟೆ ಅಂಗಡಿಯಲ್ಲಿ ನಿಂತಿದ್ದಳು, ಈಗ ಇಲ್ಲಿ. ಜನರ ಎದುರು ನೆಟ್ಟಗೆ ನಿಂತು, ಬಂದವರ ಮುಖ ನೋಡಿ ಮಾತಾಡಿಸುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು. ಅಡುಗೆ ಅವಳಿಗೆ ಬರುತ್ತಿರಲಿಲ್ಲ, ಬರಬೇಕು ಎಂದೂ ಅನ್ನಿಸಿರಲಿಲ್ಲ.

"ನೋಡು," ಎಂದಳು ಯಜಮಾನಿ. "ಇವನು ಪ್ರತಿ ಮೇಜಿಗೂ ಒಂದು ಸ್ಕ್ರೀನ್ ಹಾಕಿಸ್ತೀನಿ ಅಂತಾನೆ. ಗಿರಾಕಿಗಳೇ ಮೆಣಸಿನಕಾಯಿ ಚಿತ್ರ ಒತ್ತಿದ್ರೆ ಅದು ನೇರ ಒಳಗೆ ಹೋಗುತ್ತಂತೆ. ನನಗೆ ಇಷ್ಟ ಇಲ್ಲ. ಆದರೆ ಈ ತಿಂಗಳೂ ತಟ್ಟೆ ವಾಪಸ್ ಬಂದ್ರೆ ಹಾಕಿಸಿಬಿಡ್ತೀನಿ."

"ಆಗ ನಾನು, ಅಮ್ಮಾ?"

"ನಿನ್ನನ್ನ ಬಿಡೋಕಾಗುತ್ತಾ? ಒಳಗೆ ಕೈ ಕಡಿಮೆ ಇದೆ. ಕತ್ತರಿಸೋದು, ಹೆಚ್ಚೋದು ಮಾಡ್ಕೊಂಡಿರು. ತಮ್ಮ ಹೇಳಿಕೊಡ್ತಾನೆ."

ಕೆಲಸ ಬಿಡು ಎಂದಿದ್ದರೂ ಅಕ್ಕನಿಗೆ ಅಷ್ಟು ಉರಿಯುತ್ತಿರಲಿಲ್ಲ. ತಮ್ಮ ಹೇಳಿಕೊಡುತ್ತಾನೆ. ಅವಳೇ ಕೈಹಿಡಿದು ತಂದು ಸೇರಿಸಿದ ತಮ್ಮ. ಅವಳು ಎದ್ದು ನೇರ ಅಡುಗೆಮನೆಗೆ ಹೋದಳು. ತಮ್ಮ ಇನ್ನೂ ಫ್ಯಾನು ಹಾಕಿರಲಿಲ್ಲ. ತೆಂಗಿನ ಹಾಲು ಕಾಯಿಸುತ್ತಿದ್ದ.

"ನಾನು ಮೂರು ತಟ್ಟಿದ್ರೆ ಎಷ್ಟು ಹಾಕ್ತೀಯೋ?"

"ಯಾವ ತರ ತಟ್ಟಿದ್ರೆ?"

"ತಟ್ಟೋದ್ರಲ್ಲಿ ತರ ಏನು ಬಂತು?"

"ಸುಮ್ನೆ ತಟ್ಟಿದ್ರೆ ಎರಡು. ಕೋಪದಲ್ಲಿ ತಟ್ಟಿದ್ರೆ ಒಂದು."

"ನಾನು ಯಾವಾಗ ಕೋಪದಲ್ಲಿ ತಟ್ಟಿದೀನಿ?"

ತಮ್ಮ ಹಾಲು ಉಕ್ಕದಂತೆ ಸೌಟು ಆಡಿಸಿದ. ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು ಸ್ಕ್ರೀನಿನ ವಿಷಯ ಹೇಳಿದಳು. ಅವನು ಪೂರ್ತಿ ಕೇಳಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಅದು ಅವನ ಮುಖದ ದೋಷ.

"ಸರಿ," ಎಂದ. "ನಾಳೆಯಿಂದ ನೀನು ಇದ್ದದ್ದು ತಟ್ಟು. ನಾನು ತಟ್ಟಿದ್ದು ಹಾಕ್ತೀನಿ."

"ಮಾತು ತಾನೆ?"

"ನಿನ್ನದು ಮಾತು ತಾನೆ?"

ಮಾತಿನ ಮಟ್ಟಿಗೆ ಇಬ್ಬರದೂ ಸರಿಯಾಗಿಯೇ ಇತ್ತು. ಮೊದಲ ದಿನ ಅಕ್ಕ ಹಲ್ಲು ಕಚ್ಚಿ ಇದ್ದದ್ದನ್ನೇ ತಟ್ಟಿದಳು. ಚಮಚ ಮತ್ತೊಂದು ಏಟಿಗೆ ತಾನಾಗಿ ಏಳುತ್ತಿತ್ತು, ಎಡಗೈಯಿಂದ ಹಿಡಿದುಕೊಂಡಳು. ಆದರೆ ತಮ್ಮ ಒಳಗೆ ನಿಂತು ಯೋಚಿಸಿದ್ದೇ ಬೇರೆ: ಹುಟ್ಟಿದಾಗಿನ ಅಭ್ಯಾಸ ಒಂದು ರಾತ್ರಿಯಲ್ಲಿ ಬಿಟ್ಟಳಂತೆ, ಯಾರಿಗೆ ಹೇಳ್ತಾಳೆ. ಅವನು ಎಂದಿನ ಹಾಗೆ ಕಳೆದ. ಅಂದು ಇಡೀ ಮಧ್ಯಾಹ್ನ ಸಪ್ಪೆ ತಟ್ಟೆಗಳೇ ಬಂದವು. ಬ್ಯಾಂಕಿನವರ ಗುಂಪೊಂದು ಉಪ್ಪು, ಮೆಣಸಿನಪುಡಿ, ನಿಂಬೆಹಣ್ಣು ಎಲ್ಲ ಕೇಳಿ ಪಡೆದು ಮೇಜಿನ ಮೇಲೆಯೇ ಹೊಸದಾಗಿ ಅಡುಗೆ ಮಾಡಿಕೊಂಡಿತು. ಯಜಮಾನಿ ಒಳಗೆ ಹೋಗಿ ತಮ್ಮನಿಗೆ ನೀರಿಳಿಸಿದಳು. ನಾಚಿಕೆಪಟ್ಟ ತಮ್ಮ, ನಾಳೆಯಿಂದ ತಟ್ಟಿದಷ್ಟನ್ನೇ ಹಾಕುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದ. ಹಾಗೆಂದು ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಇವತ್ತು ಹಾಕಲಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಅಕ್ಕ ಇತ್ತ, ಇವನನ್ನು ನಂಬಿ ಕೆಟ್ಟೆ ಎಂದುಕೊಂಡು, ಮರುದಿನ ಹಳೆಯ ಲೆಕ್ಕಕ್ಕೇ ಮರಳಿದಳು. ಆ ದಿನ ಮಾಸ್ತರೊಬ್ಬರನ್ನು ಬಿಟ್ಟು ಯಾರೂ ತಟ್ಟೆ ಖಾಲಿ ಮಾಡಲಿಲ್ಲ. ಮಾಸ್ತರು ಬೆವರು ಒರೆಸಿಕೊಳ್ಳುತ್ತಾ, "ಇವತ್ತು ಒಂದು ಗಂಡಸರ ಊಟ ಬಂತು ನೋಡಿ" ಎಂದರು. ಅವರ ಎದುರು ಮೇಜಿನಲ್ಲಿ ಮೂರು ಜನ ಗಂಡಸರು ಬಾಯಿಗೆ ಐಸ್ ಇಟ್ಟುಕೊಂಡು ಕೂತಿದ್ದರು.

ಮೆಷಿನ್ನು ಬಂತು. ಪ್ರತಿ ಮೇಜಿಗೂ ಸಿಲೇಟಿನಷ್ಟು ಅಗಲದ ಸ್ಕ್ರೀನು, ಅದರಲ್ಲಿ ಸಾಲಾಗಿ ಕೆಂಪು ಮೆಣಸಿನಕಾಯಿ ಚಿತ್ರ. ಅಡುಗೆಮನೆಯ ಗೋಡೆಗೊಂದು ದೊಡ್ಡ ಸ್ಕ್ರೀನು. ಅಕ್ಷರ ಎಷ್ಟು ದಪ್ಪವೆಂದರೆ ತಮ್ಮನಿಗೂ ಕನ್ನಡಕ ಬೇಕಾಗಲಿಲ್ಲ. ಅಕ್ಕನ ಕೈಗೆ ಒಂದು ಚಾಕು, ಮರದ ಮಣೆ, ಬುಟ್ಟಿ ತುಂಬ ನಿಂಬೆಹುಲ್ಲು ಬಂತು. ತಟ್ಟೆ ಕೊಂಡೊಯ್ಯುವ ಕೆಲಸವನ್ನು ಯಜಮಾನಿಯೇ ವಹಿಸಿಕೊಂಡಳು.

"ಅಕ್ಕಾ, ಇನ್ನೂ ಸಣ್ಣಗೆ," ಎಂದ ತಮ್ಮ ಮೊದಲ ದಿನ.

"ಇದಕ್ಕಿಂತ ಸಣ್ಣಗೆ ಮಾಡೋಕೆ ಇದೇನು ಚಿನ್ನವಾ?"

"ಹಲ್ಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ."

"ಸಿಕ್ಕಿಹಾಕ್ಕೊಂಡ್ರೆ ಎದುರಿಗೇ ಡಾಕ್ಟರಮ್ಮ ಇದಾರೆ."

ತರಕಾರಿ ತಂದುಹಾಕುವವನು ಬಂದಾಗ ಅವಳನ್ನು ಅಡುಗೆಮನೆಯಲ್ಲಿ ಕಂಡು ಹುಬ್ಬೇರಿಸಿದ. ತಮ್ಮ ಅವನಿಗೆ, "ನಮ್ಮಕ್ಕ. ಸಹಾಯಕ್ಕೆ ಅಂತ ಇದಾಳೆ" ಎಂದ. ಅವನ ನಾಲಿಗೆಯಲ್ಲಿ ವಿಷವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಅಕ್ಕ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದಳು. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮನೆಯ ಮಾತು ಕೇಳುವವನು. "ಇದೀಯಲ್ಲ ಸಹಾಯಕ್ಕೆ," ಎಂದ ಅವನು. ಆ ಸಂಜೆ ಅವನಿಗೆ ಕಾಫಿ ಸಿಗಲಿಲ್ಲ.

ಇತ್ತ ಮೆಷಿನ್ನು ಮಾಡಿದ ಮೊದಲ ಕೆಲಸ ಡಾಕ್ಟರಮ್ಮನನ್ನು ಸುಟ್ಟದ್ದು. ಅವರು ಧೈರ್ಯವಾಗಿ ಮೂರು ಚಿತ್ರ ಒತ್ತಿದರು. ಮೆಷಿನ್ನು ಉತ್ಪ್ರೇಕ್ಷೆ ಮಾಡುವುದಿಲ್ಲ ಎಂದು ತಮ್ಮನಿಗೆ ಅದರ ಮೇಲೆ ಎಲ್ಲಿಲ್ಲದ ನಂಬಿಕೆ. ಮೂರನ್ನೂ ಹಾಕಿದ. ಮರುದಿನ ಅವರು ಬಂದು ಯಜಮಾನಿಯ ಮುಂದೆ, "ನಿನ್ನೆ ಮಧ್ಯಾಹ್ನ ಪೇಷಂಟಿಗೆ ಬಾಯಿ ತೆಗೀರಿ ಅನ್ನೋಕೆ ನನ್ನ ಬಾಯೇ ತೆರೀಲಿಲ್ಲ, ಗೊತ್ತಾ?" ಎಂದರು. ಆದರೂ ಸ್ಕ್ರೀನಿನ ಮುಂದೆ ಕೂತು ಮತ್ತೆ ಮೂರನ್ನೇ ಒತ್ತಿದರು. ಎರಡು ಒತ್ತಲು ಅವರ ಮರ್ಯಾದೆ ಅಡ್ಡಬಂತು.

ಅಡುಗೆಮನೆಯ ಗೋಡೆಯಲ್ಲಿ ಮೂರು ಎಂದು ಮೂಡಿತು. ಅಕ್ಕ ಮಣೆಯ ಮುಂದಿನಿಂದ ಕತ್ತು ಚಾಚಿ, ಕಿಟಕಿಯಲ್ಲಿ ಡಾಕ್ಟರಮ್ಮನ ಬಿಳಿ ಕೋಟು ಕಂಡಳು. ತಮ್ಮ ಬಟ್ಟಲಿಗೆ ಕೈ ಹಾಕಿ ಮೆಣಸು ತೆಗೆದು ಕುಟ್ಟಾಣಿಗೆ ಹಾಕಿದ. ಇಷ್ಟು ವರ್ಷದಲ್ಲಿ ಅವಳು ಆ ಕೈಯನ್ನು ನೋಡಿದ್ದೇ ಇಲ್ಲ. ಕುಟ್ಟಾಣಿ ಇದ್ದದ್ದು ಒಲೆಯ ಆಚೆ ಮೂಲೆಯಲ್ಲಿ. ಕಿಟಕಿಯಿಂದ ಕಾಣುತ್ತಿದ್ದದ್ದು ತಮ್ಮನ ಬೆನ್ನು ಮಾತ್ರ. ಈಗ ಅವಳ ಮಣೆಯೂ ಕುಟ್ಟಾಣಿಯೂ ಮೈಗೆ ಮೈ ತಾಗಿಕೊಂಡಿದ್ದವು.

"ಇದು ನಾಲ್ಕಿದೆಯಲ್ಲೋ."

"ಒಂದು ಚಿಕ್ಕದು. ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ಲ? ಇಷ್ಟು ವರ್ಷ ನೀನು ಚಿಕ್ಕದು ದೊಡ್ಡದು ನೋಡ್ಕೊಂಡು ಹಾಕ್ತಿದ್ಯಾ?"

"ಮತ್ತೆ? ಮೆಣಸೇನು ಅಳತೆ ಕೊಟ್ಟು ಹೊಲಿಸಿದ್ದಾ?"

ಅಕ್ಕ ಸೇರಿಸಿದ್ದು, ಅವನು ಕಳೆದದ್ದು ಎಲ್ಲದರ ಮೇಲೆ, ಚಿಕ್ಕದು ದೊಡ್ಡದರ ಲೆಕ್ಕ ಬೇರೆ. ಚಾಕುವಿನ ತುದಿಯಿಂದ ಕುಟ್ಟಾಣಿಯೊಳಗಿನ ಮೆಣಸುಗಳನ್ನು ಒಂದೊಂದಾಗಿ ಎತ್ತಿ ಹೊರಗೆಸೆದು, ಒಂದನ್ನು ಉಳಿಸಿದಳು.

"ಡಾಕ್ಟರಮ್ಮನ ಮೇಜು. ಇಷ್ಟು ಸಾಕು."

"ಸ್ಕ್ರೀನಲ್ಲಿ ಮೂರು ಅಂತಿದೆ."

"ಸ್ಕ್ರೀನು ಅವರ ಮುಖ ನೋಡಿದೆಯಾ? ಕುಟ್ಟು ಸುಮ್ನೆ."

ಅವನು ಕುಟ್ಟಿದ. ಎದುರಾಡಲು ಅವನಿಗೆ ಪುರಸೊತ್ತಿರಲಿಲ್ಲ, ಬಾಣಲೆ ಕಾದಿತ್ತು. ಡಾಕ್ಟರಮ್ಮ ತಟ್ಟೆ ಬಳಿದು ತಿಂದು, "ಇವತ್ತು ಮೂರೂ ಸಲೀಸಾಗಿ ಹೋಯ್ತು" ಎಂದು ಹೇಳಿ ಹೋದರು.

ಅಲ್ಲಿಂದ ಮುಂದೆ ಇದೇ ನಡೆಯಿತು. ಸ್ಕ್ರೀನು ಒಂದು ಹೇಳುತ್ತಿತ್ತು. ಅಕ್ಕ ಕಿಟಕಿಯತ್ತ ಕತ್ತು ಚಾಚಿ ಮುಖ ನೋಡುತ್ತಿದ್ದಳು. ತಮ್ಮನ ಕೈ ಕುಟ್ಟಾಣಿಗೆ ಹೋಗುವುದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಹೆಚ್ಚಿದ್ದರೆ ತೆಗೆಯುತ್ತಿದ್ದಳು, ಕಡಿಮೆಯಿದ್ದರೆ ತಾನೇ ಒಂದು ಎಸೆಯುತ್ತಿದ್ದಳು. ಕಣ್ಣೆದುರೇ ಇರುವ ಮೆಣಸನ್ನು ಹೆಚ್ಚು ಮಾಡಿ ಹೇಳಲು ಬರುವುದಿಲ್ಲ, ಕಡಿಮೆ ಮಾಡಿ ಕೇಳಿಸಿಕೊಳ್ಳಲೂ ಬರುವುದಿಲ್ಲ. ತಟ್ಟೆಗಳು ವಾಪಸ್ಸು ಬರುವುದು ನಿಂತಿತು. ಬ್ಯಾಂಕಿನ ಗುಂಪು ಮರಳಿ ಬಂತು. ಬಾಗಿಲ ಪಕ್ಕದ ಹೆಂಡತಿ, ಗಂಡನನ್ನು ಮನೆಯಲ್ಲಿ ಬಿಟ್ಟು, ಒಬ್ಬಳೇ ಬಂದು ಹಸಿರು ಕರಿ ತಿಂದು ಹೋದಳು.

ಅಳಿಯನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋನು ಹಿಡಿದು ಅಡುಗೆಮನೆಗೇ ಬಂದು ಓದಿದ: "'ಕೊನೆಗೂ ಹೇಳಿದ ಖಾರವೇ ಬರುತ್ತದೆ. ಸ್ಕ್ರೀನು ಹಾಕಿದ್ದು ಒಳ್ಳೆಯದಾಯಿತು.' ನೋಡಿದ್ರಾ ಅಕ್ಕಾ? ಮನುಷ್ಯರ ಕೈಯಲ್ಲಿ ಇರೋವರೆಗೂ ಇದು ಆಗ್ತಿರಲಿಲ್ಲ."

ಅಕ್ಕ ತಮ್ಮನ ಮುಖ ನೋಡಿದಳು. ಬಾಯಿ ಬಿಟ್ಟು ಒಂದು ಮಾತು ಹೇಳಲಿ ಎಂದು ಕಾದಳು. ತಮ್ಮ, "ಹೂಂ, ಪರವಾಗಿಲ್ಲ" ಎಂದ. ಪ್ರಳಯವಾದರೂ ಅವನು ಹೇಳುವುದು ಅಷ್ಟೇ. ಅಕ್ಕ ಕೈಯಲ್ಲಿದ್ದ ನಿಂಬೆಹುಲ್ಲನ್ನು ಬೇಕಾದ್ದಕ್ಕಿಂತ ಸಣ್ಣಗೆ ಕತ್ತರಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಯಜಮಾನಿಯ ಮೊಣಕಾಲು ಕೈಕೊಟ್ಟಿತು. ಎಂಟು ಮೇಜಿಗೆ ತಟ್ಟೆ ಹೊರುವ ವಯಸ್ಸು ಅವಳದಲ್ಲ. ಒಂದು ಬೆಳಗ್ಗೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, "ಏನಮ್ಮಾ, ಹೊರಗೆ ಬಂದು ನಿಂತ್ಕೋತೀಯಾ ಮೊದಲಿನ ಹಾಗೆ? ಖಾರದ ಯೋಚನೆ ನಿನಗೆ ಬೇಡ, ಅದನ್ನ ಮೆಷಿನ್ನು ನೋಡ್ಕೊಳ್ಳುತ್ತೆ" ಎಂದಳು.

ಆಗ ಅಕ್ಕ ಹೇಳಬಹುದಾಗಿತ್ತು. ಅಮ್ಮಾ, ಖಾರ ನೋಡಿಕೊಳ್ಳುತ್ತಿರುವುದು ಮೆಷಿನ್ನಲ್ಲ, ನಾನು. ಇಲ್ಲಿ ಕುಟ್ಟಾಣಿಯ ಪಕ್ಕ ನಿಂತಿದ್ದಕ್ಕೆ ಊಟ ಹದಕ್ಕೆ ಬಂದಿದೆ, ಹೋದರೆ ಮತ್ತೆ ಹದಗೆಡುತ್ತದೆ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಹಾಗೆ ಹೇಳಿದ ಮೇಲೆ ಅವಳು ಇರಬೇಕಾದದ್ದು ಕುಟ್ಟಾಣಿಯ ಪಕ್ಕದಲ್ಲೇ. ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು.

"ನಿಂಬೆಹುಲ್ಲು?" ಎಂದ ತಮ್ಮ.

"ಸಣ್ಣಗೆ ಕತ್ತರಿಸಿಕೋ. ಹಲ್ಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ."

ಗಂಡನಿಗೂ ಅವಳು ಸಂಜೆ ವಿಷಯ ಹೇಳಿದಳು. ಅವನು ಭೂತಗನ್ನಡಿ ತೆಗೆದು ಕೆಳಗಿಟ್ಟ, ಅಪರೂಪಕ್ಕೆ.

"ನೀನು ಒಳಗಿದ್ರೆ ಊಟ ಸರಿಯಾಗುತ್ತೆ ಅಂತ ನೀನೇ ಅಂದಿದ್ದೆ."

"ಅಂದಿದ್ದೆ."

"ಮತ್ತೆ?"

"ಮತ್ತೆ ಏನು? ನಾನು ಹೊರಗೆ ನಿಲ್ಲೋಳು."

ಊಟ ಕೆಡಲು ಹೆಚ್ಚು ದಿನ ಬೇಕಾಗಲಿಲ್ಲ. ಡಾಕ್ಟರಮ್ಮ ಮೂರು ಒತ್ತಿದರು. ಅಕ್ಕ ಓಡಿಹೋಗಿ ಹಳೆಯ ಅಭ್ಯಾಸದಲ್ಲಿ ಚಮಚದಿಂದ ಹಲಗೆಯ ಮೇಲೆ ಎರಡು ತಟ್ಟಿದಳು. ತಮ್ಮ ಫ್ಯಾನು ಆರಿಸಿ ಕಿಟಕಿಗೆ ಬಂದ.

"ಸ್ಕ್ರೀನು ಮೂರು ಅನ್ನುತ್ತೆ. ನೀನು ಎರಡು ಅಂತೀಯ. ನೀನು ಎರಡು ಅಂದ್ರೆ ಒಂದು. ನಾನು ಯಾರ ಮಾತು ಕೇಳಲಿ?"

"ನನ್ನ ಮಾತು ಕೇಳು."

"ಯಾವ ಮಾತು? ಎರಡಾ, ಒಂದಾ?"

"ಒಂದು."

"ನೀನು ಒಂದು ಅಂದ್ರೆ ಏನೂ ಇಲ್ಲ ಅಂತ."

ಕೊನೆಗೆ ಅವನು ಎಷ್ಟು ಹಾಕಿದನೋ ದೇವರಿಗೇ ಗೊತ್ತು. ತಟ್ಟೆ ವಾಪಸ್ಸು ಬಂತು. ಅಂದು ಬಂದದ್ದು ಅದೊಂದೇ ಅಲ್ಲ. ಮಾಸ್ತರು ಕೂಡ, "ಏನಾಯ್ತು ನಿಮ್ಮ ಮೆಷಿನ್ನಿಗೆ? ಬ್ಯಾಟರಿ ಇಳಿದಿದ್ಯಾ?" ಎಂದು ತಟ್ಟೆ ದೂಡಿದರು. ಅಳಿಯ ಸ್ಕ್ರೀನಿನವರಿಗೆ ಫೋನು ಮಾಡಿ ಜಗಳವಾಡಿದ. ಅವರು ಬಂದು ವೈರು ಬಿಚ್ಚಿ, ಮತ್ತೆ ಸಿಕ್ಕಿಸಿ, ಎಲ್ಲ ಸರಿಯಿದೆ ಎಂದು ಹೇಳಿ ಹೋದರು.

ಮಧ್ಯಾಹ್ನದ ಗಲಾಟೆ ಇಳಿದ ಮೇಲೆ ಅಕ್ಕ ಕಿಟಕಿಯ ಹಲಗೆಗೆ ಮೊಣಕೈ ಊರಿದಳು. ಒಳಗೆ ತಮ್ಮ ಕುಟ್ಟಾಣಿ ತೊಳೆಯುತ್ತಿದ್ದ. ಅವಳಿಗೆ ಕಂಡದ್ದು ಮತ್ತೆ ಅದೇ ಬೆನ್ನು.

"ಆ ಕುಟ್ಟಾಣಿ ಈ ಕಿಟಕಿ ಹತ್ತಿರ ತಂದಿಡೋ. ಇಲ್ಲಿಂದ ನನಗೆ ಕಾಣುತ್ತೆ. ಎಲ್ಲ ಸರಿಹೋಗುತ್ತೆ."

"ಅಲ್ಲಿಟ್ಟರೆ ನೀನು ನನ್ನ ಕೈ ನೋಡ್ತಾ ನಿಲ್ತೀಯ."

"ಅದಕ್ಕೇ ಹೇಳ್ತಿರೋದು."

"ಅದಕ್ಕೇ ಬೇಡ ಅಂತಿರೋದು." ಅವನು ಕುಟ್ಟಾಣಿಯನ್ನು ಬಟ್ಟೆಯಿಂದ ಒರೆಸಿದ. "ಅಷ್ಟು ಕಾಣಬೇಕು ಅಂದ್ರೆ ನೀನೇ ಒಳಗೆ ಬಾ. ಮಣೆ ಇಲ್ಲೇ ಇದೆ."

"ನಾನು ಬರಲ್ಲ."

"ಹಾಗಾದ್ರೆ ಕುಟ್ಟಾಣಿನೂ ಬರಲ್ಲ."

ಕುಟ್ಟಾಣಿ ಇದ್ದ ಮೂಲೆಗೂ ಕಿಟಕಿಗೂ ಮಧ್ಯೆ ಒಂದು ಒಲೆಯಷ್ಟೇ ಅಡ್ಡ. ಇಬ್ಬರು ಹಿಡಿದರೆ ಒಂದು ಕ್ಷಣದಲ್ಲಿ ಎತ್ತಿಡಬಹುದಾದ ಕಲ್ಲು. ತಮ್ಮ ಅದನ್ನು ಮೂಲೆಯಲ್ಲಿ ಬೋರಲು ಹಾಕಿ, ಮೇಲೆ ಬಟ್ಟೆ ಹೊದಿಸಿದ. ಅಕ್ಕ ಸೆರಗು ಸರಿಪಡಿಸಿಕೊಂಡು ಬಾಗಿಲತ್ತ ತಿರುಗಿದಳು. ಹೊಸಬರು ನಾಲ್ವರು ಒಳಗೆ ಬಂದು ಯಾವ ಮೇಜಿಗೆ ಕೂರುವುದೆಂದು ನೋಡುತ್ತಿದ್ದರು. ಅವಳು ಮುಂದೆ ಹೋಗಿ, ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರಿಗೆ ಎಷ್ಟು ಖಾರ ಸಲ್ಲುತ್ತದೆ ಎಂದು ಅವಳಿಗೆ ಆಗಲೇ ತಿಳಿಯಿತು. ಅವರಿಗೆ ಅದು ಸಿಗುವುದಿಲ್ಲ ಎಂದೂ ತಿಳಿದಿತ್ತು.

"ಬನ್ನಿ, ಕೂತ್ಕೊಳ್ಳಿ," ಎಂದಳು. "ಫ್ಯಾನ್ ಕೆಳಗೆ ಕೂತ್ಕೊಳ್ಳಿ."